ಸೆಂಟು ತೊಳೆದುಕೊಂಡು ಬಂದವಳು

ಮೊನ್ನೆ ನನ್ನ ನಾದಿನಿ ಒಂದು ಸೆಂಟಿನ ಬಾಟಲಿ ತಂದುಕೊಟ್ಟಳು. "ಹಾಕ್ಕೊಳ್ಳಿ ಅತ್ತಿಗೆ, ಇಡೀ ದಿನ ಇರುತ್ತೆ" ಎಂದಳು. ಇಡೀ ದಿನ ಇರುತ್ತೆ ಎಂದದ್ದೇ ತಡ, ನನ್ನ ಕಾಲು ತಾನಾಗಿಯೇ ಬಚ್ಚಲಿನ ಕಡೆ ಹೊರಟಿತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನಗೆ ಐವತ್ತು ದಾಟಿದೆ. ಆದರೂ ಮೈಮೇಲೆ ಒಂದು ತೊಟ್ಟು ಸೆಂಟು ಬಿದ್ದರೆ ಸಾಕು, ಮಹಡಿ ಮೆಟ್ಟಿಲಿನಿಂದ ನಮ್ಮಜ್ಜಿ ಪೊರಕೆ ಹಿಡಿದುಕೊಂಡು ಇಳಿದು ಬರುತ್ತಾಳೆ ಅನ್ನಿಸುತ್ತದೆ. ಅಜ್ಜಿ ಹೋಗಿ ಇಪ್ಪತ್ತು ವರ್ಷವಾಯಿತು. ಈಗ ನಾನಿರುವ ಮನೆಗೆ ಮಹಡಿಯೇ ಇಲ್ಲ.

ಸೆಂಟಿಗೂ ನಿಮ್ಮಜ್ಜಿಗೂ ಏನು ಜಗಳ ಎಂದು ಕೇಳುತ್ತೀರಿ. ಕೇಳದಿದ್ದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ.

ನಾವು ಮೂಲತಃ ಕೆಂಚಾರ್ಲಹಳ್ಳಿಯವರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಎರಡು ಎಮ್ಮೆ, ಇಷ್ಟೇ ನಮ್ಮ ಪ್ರಪಂಚವಾಗಿತ್ತು. ಎಂಬತ್ತರ ದಶಕದಲ್ಲಿ ಅಪ್ಪನಿಗೆ ಬಸ್ಸಿನ ಹುಚ್ಚು ಹಿಡಿಯಿತು. ಒಂದು ಹಳೇ ಬಸ್ಸು ಕೊಂಡರು. ಅದು ಎರಡಾಯಿತು, ಮೂರಾಯಿತು. ನಾನು ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಚಿಂತಾಮಣಿಯಲ್ಲಿ ಮೊಸಾಯಿಕ್ ನೆಲದ ಎರಡಂತಸ್ತಿನ ಮನೆ ಎದ್ದಿತು. ಗೇಟಿನ ಎರಡೂ ಕಡೆ ಎರಡು ಸಿಮೆಂಟಿನ ಸಿಂಹ ಕೂತವು. ಅಮ್ಮ "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ" ಎಂದು ಗೊಣಗುತ್ತಲೇ ಸಿಂಹಗಳ ಹಣೆಗೆ ಕುಂಕುಮ ಇಟ್ಟಳು.

ಅಜ್ಜಿ ಮಾತ್ರ ಹಳ್ಳಿ ಬಿಟ್ಟು ಬರಲೊಲ್ಲೆ ಎಂದು ಪಟ್ಟು ಹಿಡಿದಳು. "ಹುಳ ಇಲ್ದಿದ್ ಮನೇನೂ ಒಂದ್ ಮನೇನಾ? ನಾನ್ ಬರ್ಬೇಕಂದ್ರೆ ನನ್ ಹುಳಾನೂ ಬರ್ತವೆ" ಎಂದಳು. ಅಪ್ಪ ಮೂರು ದಿನ ವಾದಿಸಿ ಸೋತರು. ಹೀಗಾಗಿ ಅತಿಥಿಗಳಿಗೆಂದು ಕಟ್ಟಿಸಿದ ಮಹಡಿಯ ಹಾಲಿನಲ್ಲಿ, ಬಣ್ಣದ ಗಾಜಿನ ಕಿಟಕಿಗಳ ಕೆಳಗೆ, ಬಿದಿರಿನ ತಟ್ಟೆಗಳ ಸಾಲು ಬಂತು. ಹುಳುಗಳಿಗೆ ಸೊಪ್ಪು ಎಲ್ಲಿಂದ ಅನ್ನುತ್ತೀರಾ? ದಿನಾ ಬೆಳಿಗ್ಗೆ ಸಂಜೆ ನಮ್ಮದೇ ಬಸ್ಸಿನ ಟಾಪಿನ ಮೇಲೆ, ಒದ್ದೆ ಗೋಣಿಚೀಲದಲ್ಲಿ, ಕೆಂಚಾರ್ಲಹಳ್ಳಿಯಿಂದ ಬರುತ್ತಿತ್ತು. ಚೀಲದ ನೀರು ಕಿಟಕಿ ಪಕ್ಕ ಕೂತವರ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು. ಯಾರಾದರೂ ರೇಗಿದರೆ ಕಂಡಕ್ಟರ್ ಮುನಿರಾಜಣ್ಣ, "ಕೆಂಚಾರ್ಲಹಳ್ಳೀಲಿ ಮಳೆ ಬಂದೈತೆ ಅಂತ ಸಂತೋಷ ಪಡ್ರಿ ಸ್ವಾಮಿ" ಎನ್ನುತ್ತಿದ್ದ.

ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ಆ ಹುಳುವಿನಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಬೀಡಿ ಸೇದಿದವರು ಒಳಗೆ ಹೋಗುವಂತಿಲ್ಲ. ಒಗ್ಗರಣೆಯ ಘಾಟು ಹೋಗುವಂತಿಲ್ಲ. ಸೊಳ್ಳೆಬತ್ತಿ ಹಚ್ಚುವಂತಿಲ್ಲ. ಇನ್ನು ಸೆಂಟು, ಪೌಡರು ಅಂದರೆ ಅಜ್ಜಿಯ ಲೆಕ್ಕದಲ್ಲಿ ಕೊಲೆ ಪಾತಕ. ವಾಸನೆ ತಾಗಿದರೆ ಹುಳು ಸೊಪ್ಪು ಬಿಡುತ್ತದೆ, ಸೊಪ್ಪು ಬಿಟ್ಟ ಹುಳು ಗೂಡು ಕಟ್ಟುವುದಿಲ್ಲ, ಅಲ್ಲಿಗೆ ತಿಂಗಳ ಶ್ರಮ ನೀರುಪಾಲು.

ಈಗ ನನ್ನ ಶಾಲೆಗೆ ಬನ್ನಿ. ಅದು ಊರಿನ ದೊಡ್ಡವರ ಮಕ್ಕಳು ಓದುವ ಇಂಗ್ಲಿಷ್ ಮೀಡಿಯಂ ಶಾಲೆ. ಅಲ್ಲಿ ಹುಡುಗಿಯರ ಒಂದು ಗುಂಪಿತ್ತು. ಎಣ್ಣೆ ಮಿಲ್ಲಿನವರ ಮಗಳು ಸುಷ್ಮಾ ಅದರ ನಾಯಕಿ. ಚಿನ್ನದಂಗಡಿಯವರ ಮಗಳು, ಬಟ್ಟೆ ಅಂಗಡಿಯವರ ಮಗಳು, ಹೀಗೆ ಐದಾರು ಜನ. ಯಾರ ಮನೆಗೆ ಕಲರ್ ಟೀವಿ ಬಂತು, ಯಾರ ಮನೆಗೆ ವಿಸಿಆರ್ ಬಂತು, ಯಾರ ಚಿಕ್ಕಪ್ಪ ದುಬೈನಿಂದ ಏನು ತಂದ, ಇದೇ ಮಾತು. ಮತ್ತೆ ಸೆಂಟು! ಒಬ್ಬೊಬ್ಬಳದು ಒಂದೊಂದು ಫಾರಿನ್ ಸೆಂಟು. ಪ್ರಾರ್ಥನೆಗೆ ನಿಂತರೆ ಕಣ್ಣುಮುಚ್ಚಿಯೇ ಯಾರು ಎಲ್ಲಿದ್ದಾರೆ ಎಂದು ಹೇಳಬಹುದಿತ್ತು.

ನಾನು ಮೂರು ಬಸ್ಸಿನ ಮಗಳಾದ್ದರಿಂದ ಗುಂಪಿನೊಳಗೆ ಕಾಲಿಡಲು ಜಾಗ ಸಿಕ್ಕಿತ್ತು, ಕೂರಲು ಸಿಕ್ಕಿರಲಿಲ್ಲ. ಅಪ್ಪನನ್ನು ಪೀಡಿಸಿ ಒಂದು ಸೆಂಟು ತರಿಸಿಕೊಂಡು ಜಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಟ್ಟಿದ್ದೆ. ಬೆಳಿಗ್ಗೆ ಶಾಲೆಯ ಬಾತ್‌ರೂಮಿನಲ್ಲಿ ಹಚ್ಚಿಕೊಳ್ಳುವುದು, ಸಂಜೆ ನಮ್ಮ ಮನೆಯ ಹೊರಗಿನ ನಲ್ಲಿಯಲ್ಲಿ ಕತ್ತು, ಕೈ ಉಜ್ಜಿ ಉಜ್ಜಿ ತೊಳೆಯುವುದು. ಅಜ್ಜಿ ನೋಡಿ, "ನಮ್ ಪದ್ದು ಎಷ್ಟು ಚೊಕ್ಕಟ!" ಎಂದು ಅಕ್ಕಪಕ್ಕದವರ ಮುಂದೆ ಹೊಗಳುತ್ತಿದ್ದಳು. ಕತ್ತು ಸದಾ ಕೆಂಪಗಿರುತ್ತಿತ್ತು.

ಹುಳುವಿನ ವಿಷಯ ಮಾತ್ರ ಗುಂಪಿಗೆ ಗೊತ್ತಾಗಕೂಡದು. ಗೊತ್ತಾದರೆ ಮುಗಿಯಿತು ನನ್ನ ಕಥೆ. ಸುಷ್ಮಾಳ ಬಾಯಲ್ಲಿ "ಹಳ್ಳಿಯವರು" ಎಂಬುದು ಒಂದು ರೋಗದ ಹೆಸರು. ಗೆಳತಿಯರು ಮನೆಗೆ ಬಂದಾಗ "ಮೇಲೇನಿದೆ?" ಎಂದು ಕೇಳಿದರೆ "ನೆಲಕ್ಕೆ ಪಾಲಿಶ್ ನಡೀತಿದೆ" ಎನ್ನುತ್ತಿದ್ದೆ. ಒಂದು ವರ್ಷ ಆ ಪಾಲಿಶ್ ನಡೆಯಿತು. ಆರು ಜನ ಗೆಳತಿಯರಿದ್ದರು ನೋಡಿ, ಒಬ್ಬಳಿಗೂ ನಮ್ಮ ಮಹಡಿಯ ಮೇಲೆ ಏನಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಸಂಜೆ ಮನೆಗೆ ಬಂದು ಕೂತರೆ ಒಂಥರಾ ಅಳು ಬರುತ್ತಿತ್ತು. ಒಬ್ಬಳಾದರೂ ಬೇಕಿತ್ತು, ನಿಜ ಹೇಳಿದರೆ ಎದ್ದು ಹೋಗದಿರುವ ಒಬ್ಬಳು.

ಗುಂಪಿಗೆ ಸೇರದ ಇನ್ನೊಬ್ಬ ಸಾಹುಕಾರರ ಮಗಳಿದ್ದಳು, ಶಾಹೀನ್. ಅವಳ ಅಬ್ಬಾ ರೇಷ್ಮೆ ವ್ಯಾಪಾರಿ, ಮನೆಯ ಹಿಂದೆಯೇ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ. ನಮ್ಮೆಲ್ಲರ ಅಪ್ಪಂದಿರನ್ನು ಒಟ್ಟಿಗೆ ತೂಗಿದರೂ ಅವರ ಒಂದು ತಕ್ಕಡಿಗೆ ಸಮನಾಗುತ್ತಿರಲಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಶಾಹೀನ್ ಬಿಳೀ ಕಾರಿನಲ್ಲಿ ಬರುತ್ತಿದ್ದಳು. ಅವಳು ಹಾಕುತ್ತಿದ್ದ ಅತ್ತರು ಅವಳಿಗಿಂತ ಐದು ನಿಮಿಷ ಮೊದಲು ಕ್ಲಾಸಿಗೆ ಬರುತ್ತಿತ್ತು. ಯಾರ ಜೊತೆಯೂ ಒತ್ತಿಕೊಂಡು ಕೂರುತ್ತಿರಲಿಲ್ಲ, ಯಾರ ಹೆಗಲ ಮೇಲೂ ಕೈ ಹಾಕುತ್ತಿರಲಿಲ್ಲ. ನಾವೆಲ್ಲ ಸೇರಿ ಅವಳಿಗೆ ಜಂಬದ ಕೋಳಿ ಎಂದು ಹೆಸರಿಟ್ಟಿದ್ದೆವು. ಹೆಸರಿಡುವುದರಲ್ಲಿ ನಾನೇ ಮುಂದು. ಗುಂಪಿನಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಇನ್ನೊಬ್ಬರನ್ನು ಆಡಿಕೊಳ್ಳಬೇಕಲ್ಲ!

ಎಂಟನೇ ಕ್ಲಾಸು ಮುಗಿಯುತ್ತ ಬಂದಾಗ ನನ್ನ ಹುಟ್ಟುಹಬ್ಬ ಬಂತು. ಅಷ್ಟರವರೆಗೆ ನಮ್ಮನೆಯಲ್ಲಿ ಹುಟ್ಟುಹಬ್ಬವೆಂದರೆ ತಲೆಗೆ ಎಣ್ಣೆ, ಒಂದು ಲೋಟ ಪಾಯಸ. ಈಗ ಕೇಕು ಕತ್ತರಿಸಲೇಬೇಕು. "ಶಾಹೀನ್‌ನೂ ಕರಿ, ಏನ್ ಗಿಫ್ಟ್ ತರ್ತಾಳೆ ನೋಡೋಣ" ಎಂದು ಸುಷ್ಮಾ ಅಪ್ಪಣೆ ಕೊಡಿಸಿದಳು. ಕರೆದೆ. ಶಾಹೀನ್, "ನಿಜವಾಗ್ಲೂ ನನ್ನ ಕರೀತಿದೀಯಾ?" ಎಂದಳು. ಜಂಬದ ಕೋಳಿಗಳು ಹೀಗೆ ಕೇಳುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕೇಕು ಬೆಂಗಳೂರಿನಿಂದ ನಮ್ಮ ಬಸ್ಸಿನಲ್ಲೇ ಬಂತು. ಮುನಿರಾಜಣ್ಣ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ದಾರಿಯುದ್ದಕ್ಕೂ ಕೂತಲ್ಲೇ ಟಿಕೆಟ್ ಹರಿದನಂತೆ. ಆದರೂ ಹೊಸಕೋಟೆ ದಾಟಿದ ಮೇಲೆ ಯಾವುದೋ ಗುಂಡಿಯಲ್ಲಿ ಕೇಕಿನ ಗುಲಾಬಿಗಳೆಲ್ಲ ಒಂದೇ ಪಕ್ಕಕ್ಕೆ ಜಾರಿದ್ದವು. ಅಮ್ಮ ಚಮಚದಲ್ಲಿ ಅವನ್ನು ಮತ್ತೆ ಎತ್ತಿ ಕೂರಿಸಿದಳು. ನಾನು ಮಾತ್ರ ಅಜ್ಜಿಯ ಹಿಂದೆ ಬಿದ್ದಿದ್ದೆ. "ಅಜ್ಜೀ, ಹುಳ ಯಾವತ್ತು ಹಣ್ಣಾಗ್ತವೆ? ಇವತ್ತಂತೂ ಇಲ್ಲ ತಾನೇ?"

ಹುಳು ಹಣ್ಣಾಗುವುದು ಅಂದರೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಎತ್ತುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಪಟ್ಟಿಯನ್ನು ಸುತ್ತುಸುತ್ತಾಗಿ ಹೆಣೆದ ಚಾಪೆಗೆ, ಬಿಡಬೇಕು. ತಡಮಾಡಿದರೆ ಕಂಡಕಂಡಲ್ಲಿ ನೂಲು ಸುತ್ತಿ ಹಾಳು ಮಾಡುತ್ತವೆ. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಹುಳು ಹಣ್ಣಾದರೆ ಎಲ್ಲರೂ ಬಂದು ಕೈ ಹಾಕಲೇಬೇಕು. ಅಜ್ಜಿ ಬೆರಳು ಮಡಿಸಿ ಎಣಿಸಿ, "ಇನ್ನೂ ಎರಡ್ ದಿನ ಐತೆ, ನೀನ್ ನಿಶ್ಚಿಂತೆಯಾಗಿರು" ಎಂದಳು. ಆದರೆ ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಸೆಕೆ ಏರಿದರೆ ಹುಳು ಬೇಗ ಹಣ್ಣಾಗುತ್ತದೆ ಎಂದು ಅರವತ್ತು ವರ್ಷ ಹುಳು ಸಾಕಿದ ಅಜ್ಜಿಗೆ ಗೊತ್ತಿತ್ತು. ಮೊಮ್ಮಗಳ ಹುಟ್ಟುಹಬ್ಬದ ಸಂಭ್ರಮದಲ್ಲಿ ಮರೆತಿದ್ದಳು.

ಭಾನುವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಬಂದರು. ಆರು ಬಗೆಯ ಸೆಂಟು, ಅದರ ಮೇಲೆ ಶಾಹೀನಳ ಅತ್ತರು. ಅಪ್ಪ ಎರಡು ಸಲ ಸೀನಿದರು. ಅಮ್ಮ ಕಡ್ಡಿ ಗೀರಿ ಮೇಣದಬತ್ತಿಗೆ ಹಿಡಿಯಬೇಕು, ಅಷ್ಟರಲ್ಲಿ ಮಹಡಿಯಿಂದ ಕೂಗು ಬಂತು. "ಹಣ್ಣಾಗ್ಬಿಟ್ವು! ಎಲ್ಲಾ ಹಣ್ಣಾಗ್ಬಿಟ್ವು! ಬನ್ರೋ ಎಲ್ರೂ ಮೇಲಕ್ಕೆ!"

ಅಮ್ಮ ಕಡ್ಡಿಯನ್ನು ಊದಿ ಬಿಸಾಡಿ ಮೆಟ್ಟಿಲು ಹತ್ತಿದಳು. ಅಪ್ಪ ಹೊಸ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಹಿಂದೆ ಓಡಿದರು. ಮುನಿರಾಜಣ್ಣ, ಡ್ರೈವರ್, ಕೆಲಸದ ಯಲ್ಲಮ್ಮಕ್ಕ ಎಲ್ಲರೂ ದಡದಡ ಮೇಲೆ. ಕೆಳಗೆ ಉಳಿದವರು ಹುಡುಗಿಯರು, ಕೇಕು ಮತ್ತು ನಾನು.

"ಏನ್ ಹಣ್ಣಾಯ್ತೇ? ಮಾವಿನಹಣ್ಣಾ?" ಎಂದಳು ಸುಷ್ಮಾ.

ಮಾವಿನಹಣ್ಣು ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯೇ ಕೆಳಗಿಳಿದು ಬಂದಳು, "ಇಷ್ಟ್ ಜನ ಹೆಣ್ಮಕ್ಳಿದೀರ, ಬನ್ರಮ್ಮ, ಒಂದೊಂದ್ ಕೈ ಹಾಕಿ" ಎನ್ನುತ್ತ. ಬಗ್ಗಿದಾಗ ಅವಳ ಸೆರಗಿನ ಮಡಿಕೆಯಿಂದ ಒಂದು ಹಣ್ಣು ಹುಳು ಜಾರಿ ಕೇಕಿನ ಮೇಲೆ ಬಿತ್ತು. ಬಿದ್ದದ್ದೇ ತಲೆ ಎತ್ತಿ, ಗುಲಾಬಿಯಿಂದ ಗುಲಾಬಿಗೆ ಜಾಗ ಹುಡುಕುತ್ತ ಹೊರಟಿತು.

ಆ ಕಿರುಚಾಟ ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಚಿನ್ನದಂಗಡಿಯವಳು ಸೋಫಾ ಹತ್ತಿದಳು. ಸುಷ್ಮಾ ಸೋಫಾ ಹತ್ತಿದವಳ ಮೇಲೆ ಹತ್ತಿದಳು. ಅಜ್ಜಿ ಹುಳುವನ್ನು ಮಗುವಿನಂತೆ ಎತ್ತಿ ಅಂಗೈಗೆ ಹಾಕಿಕೊಂಡಳು. ಆಗ ಅವಳ ಮೂಗಿಗೆ ಗಾಳಿ ತಾಗಿತು ನೋಡಿ, ಸಿಟ್ಟು ಬಂದರೆ ತೆಲುಗಿಗೆ ಇಳಿಯುವವಳು ಅವಳು. "ಏಮಿ ವಾಸನಮ್ಮಾ ಇದಿ! ಸೆಂಟ್ ಹಾಕ್ಕೊಂಡಿದೀರಾ ಎಲ್ರೂ? ಯಾರೂ ಮೆಟ್ಲ್ ಹತ್ತರ ಬರ್ಬೇಡಿ! ನನ್ ಹುಳ ಸಾಯ್ತವೆ!" ಎಂದು ಮೂಲೆಯ ಪೊರಕೆ ಎತ್ತಿ ಮೆಟ್ಟಿಲಿಗೆ ಅಡ್ಡ ನಿಂತಳು.

ಐದು ನಿಮಿಷದಲ್ಲಿ ಮನೆ ಖಾಲಿ. ಹೋಗುವಾಗ ಸುಷ್ಮಾ, "ಪಾಲಿಶ್ ಚೆನ್ನಾಗಿ ಆಗ್ಲಿ ಕಣೇ" ಎಂದಳು. ನಾನು ಹಚ್ಚದ ಮೇಣದಬತ್ತಿಗಳ ಮುಂದೆ ಕೂತು ಗೊಳೋ ಎಂದು ಅತ್ತೆ.

"ಅದನ್ನ ನಾನು ನೋಡ್ಬೋದಾ?" ಎಂದಿತು ಒಂದು ಧ್ವನಿ. ಶಾಹೀನ್ ಹೋಗಿರಲಿಲ್ಲ.

"ನಿನಗೇನು ಗೊತ್ತಿಲ್ವಾ ಹುಳ? ನಿಮ್ದು ರೇಷ್ಮೆ ಕಾರ್ಖಾನೆ ತಾನೇ?" ಎಂದೆ, ಮೂಗು ಒರೆಸಿಕೊಳ್ಳುತ್ತ.

"ನಮ್ಮನೆಗೆ ಬರೋ ಹೊತ್ತಿಗೆ ಅದು ಗೂಡಿನ ಒಳಗಡೆ ಇರ್ತದೆ. ಬದುಕಿರೋದನ್ನ ಒಂದ್ಸಲಾನೂ ನೋಡಿಲ್ಲ ನಾನು."

ಯೋಚಿಸಿ ನೋಡಿ. ನಾನು ಗೂಡಾಗುವವರೆಗಿನದನ್ನು ಬಲ್ಲವಳು, ಆಮೇಲೆ ಏನಾಗುತ್ತದೆ ಎಂದು ಕಂಡಿರಲಿಲ್ಲ. ಅವಳು ಗೂಡಿನಿಂದಾಚೆಯದನ್ನು ಬಲ್ಲವಳು. ಒಂದೇ ಊರಿನಲ್ಲಿ, ಒಂದೇ ಕ್ಲಾಸಿನಲ್ಲಿ ಒಂದು ವರ್ಷ ಕೂತಿದ್ದೆವು.

"ನೋಡ್ಬೇಕಂದ್ರೆ ಅತ್ತರು ತೊಳ್ಕೋಬೇಕಮ್ಮ, ತಲೆ ಮೇಲಿಂದ ನೀರ್ ಹಾಕ್ಕೊಂಡು" ಎಂದಳು ಅಜ್ಜಿ, ಪೊರಕೆ ಕೆಳಗಿಡದೆ.

ಶಾಹೀನಳ ಮುಖ ಬಾಡಿತು. ಬಚ್ಚಲ ಬಾಗಿಲವರೆಗೆ ಬಂದು ನಿಂತಳು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು. "ಒಂದ್ ಮಾತು. ಕಾರ್ಖಾನೇಲಿ ಗೂಡು ಬೇಯಿಸ್ತಾರಲ್ಲ, ಒಳಗಿನ ಹುಳಾನೂ ಬೇಯ್ತದೆ. ಆ ವಾಸನೆ ನಮ್ ಬಟ್ಟೆಗೆ, ಕೂದಲಿಗೆ ಎಲ್ಲಾ ಹಿಡಿದಿದೆ. ಅದಕ್ಕೇ ಅಮ್ಮಿ ದಿನಾ ಬಾಟ್ಲಿಗಟ್ಲೆ ಅತ್ತರು ಸುರೀತಾಳೆ. ಇದನ್ನ ತೊಳೆದ್ರೆ ನನ್ನ ಅಸಲಿ ವಾಸನೆ ಬರ್ತದೆ ಕಣೇ."

ಅವಳು ಯಾರ ಪಕ್ಕವೂ ಒತ್ತಿ ಕೂರದೆ ಇದ್ದದ್ದಕ್ಕೆ ಕಾರಣ ಇದು! ಜಂಬದ ಕೋಳಿಯಂತೆ ಜಂಬದ ಕೋಳಿ! ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ಎರಡು ಬಕೆಟ್ ನೀರು ಹಾಕಿಕೊಂಡು, ಅಮ್ಮನ ಹಳೇ ಸೀರೆಯನ್ನು ಹೇಗೋ ಸುತ್ತಿಕೊಂಡು, ಮೂರು ಪಿನ್ನಿನಲ್ಲಿ ನಿಂತ ರವಿಕೆಯಲ್ಲಿ ಬಂದಳು. ಕೈ ಚಾಚಿ, "ನೋಡು, ಬರ್ತಿದೆಯಾ?" ಎಂದಳು.

ಮೂಸಿದೆ. ಸುಳ್ಳು ಹೇಳಬಹುದಿತ್ತು, ಸುಳ್ಳಿನಲ್ಲಿ ನನಗೆ ಒಂದು ವರ್ಷದ ಅನುಭವವಿತ್ತು. "ಬರ್ತಿದೆ" ಎಂದೆ.

"ತುಂಬಾನಾ?"

"ಸುಮಾರಾಗೇ."

ಅವಳು ಕಣ್ಣರಳಿಸಿದಳು. ಆಮೇಲೆ ಎಲ್ಲಿತ್ತೋ ಆ ನಗು, ಕಿಸಕ್ಕನೆ ಶುರುವಾಗಿ ಅವಳನ್ನು ಗೋಡೆಗೆ ಆನಿಸಿತು. ನಾನೂ ನಗತೊಡಗಿದೆ. ಅವಳ ಒಂದು ಪಿನ್ನು ಕಿತ್ತುಕೊಂಡಿತು. ಅದಕ್ಕೆ ಇನ್ನಷ್ಟು ನಕ್ಕೆವು. ಅಜ್ಜಿ ಬಂದು ಅವಳ ನೆತ್ತಿಯನ್ನು ಮೂಸಿ, "ಇದು ನಮ್ ಹುಳದ್ ವಾಸನೇನೇ ಕಣಮ್ಮ, ಏನೂ ಆಗಲ್ಲ, ಬಾ. ಹೆಂಗ್ ಬಂತು ಅಂತ ಮಾತ್ರ ಅವಕ್ಕೆ ಹೇಳ್ಬೇಡ" ಎಂದಳು. ನಾವಿಬ್ಬರೂ ಮೆಟ್ಟಿಲ ಮೇಲೇ ಕೂತುಬಿಟ್ಟೆವು. ಹೊಟ್ಟೆ ಹಿಡಿದುಕೊಂಡು ಹತ್ತಬೇಕಾಯಿತು.

ಮೊದಲ ಹುಳುವನ್ನು ಅಂಗೈಗೆ ಬಿಟ್ಟಾಗ ಶಾಹೀನ್ ಉಸಿರು ಬಿಗಿಹಿಡಿದಳು. "ತಣ್ಣಗಿದೆ ಕಣೇ! ಎಷ್ಟ್ ತಣ್ಣಗಿದೆ! ಯಾ ಅಲ್ಲಾ, ನನ್ನೇ ನೋಡ್ತಿದೆ!" ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಒಂದೊಂದನ್ನೂ ಮಾತಾಡಿಸಿ ಚಂದ್ರಿಕೆಗೆ ಬಿಟ್ಟಳು. ಒಂದಕ್ಕೆ ನಮ್ಮ ಹೆಡ್‌ಮೇಡಮ್ಮಿನ ಹೆಸರು, ಇನ್ನೊಂದಕ್ಕೆ ಸುಷ್ಮಾಳ ಹೆಸರು. "ಈ ಸುಷ್ಮಾ ಒಳ್ಳೆಯವಳು, ಕಿರುಚಲ್ಲ" ಎಂದಳು. ಅಪ್ಪ ನಕ್ಕು ನಕ್ಕು ಒಂದು ತಟ್ಟೆಯನ್ನೇ ಬೀಳಿಸುವುದರಲ್ಲಿದ್ದರು.

"ಅಜ್ಜೀ, ಇವು ಗೂಡಾದ್ ಮೇಲೆ ನಮ್ಮನೆಗೇ ಬರ್ತಾವಾ?" ಎಂದು ಕೇಳಿದಳು.

"ಮಾರ್ಕೆಟ್ಟಲ್ಲಿ ಯಾರ್ ಜಾಸ್ತಿ ಕೂಗ್ತಾರೋ ಅವರ್ಗೆ."

"ಅಬ್ಬಂಗೆ ಹೇಳ್ತೀನಿ, ಇವನ್ನ ಮಾತ್ರ ಬಿಡ್ಬೇಡಿ, ನೀವೇ ತಗೊಳ್ಳಿ ಅಂತ" ಎಂದವಳು ತಟ್ಟನೆ ನಿಲ್ಲಿಸಿದಳು. ಮುಖ ಸಪ್ಪೆಯಾಯಿತು. "ಬೇಡ ಬಿಡಿ. ಹೇಳಲ್ಲ."

ಕೆಲಸ ಮುಗಿದ ಮೇಲೆ ಕೇಕು ಕತ್ತರಿಸಿದೆವು. ಹುಳು ನಡೆದ ಭಾಗವನ್ನು ಪಂದ್ಯ ಕಟ್ಟಿ ಮುನಿರಾಜಣ್ಣ ತಿಂದ. ಆರಕ್ಕೆ ಅವಳ ಕಾರು ಬಂತು. ಹತ್ತುವ ಮೊದಲು ಶಾಹೀನ್ ನನ್ನ ಕೈ ಹಿಡಿದು, "ನಾಳೆ ಅತ್ತರು ಹಾಕ್ಕೊಳಲ್ಲ ಕಣೇ. ಸಾಕಾಗಿದೆ ನನಗೆ. ಪಕ್ಕದಲ್ಲಿ ಕೂತ್ಕೋತೀಯ ತಾನೇ?" ಎಂದಳು. "ದೇವ್ರಾಣೆಗೂ ಕೂತ್ಕೋತೀನಿ" ಎಂದೆ.

ಸೋಮವಾರ ಅವಳು ಬಂದಳು. ಹೇಳಿದಂತೆಯೇ ಬಂದಳು. ಮೊದಲು ಸುಷ್ಮಾ ಕರ್ಚೀಫನ್ನು ಮೂಗಿಗೆ ಹಿಡಿದಳು, "ಏನೋ ಸತ್ತಿದೆ ಕಣ್ರೇ ಇಲ್ಲಿ" ಎಂದಳು. ಶಾಹೀನಳ ಬೆಂಚಿನಲ್ಲಿದ್ದವಳು ಪುಸ್ತಕ ಎತ್ತಿಕೊಂಡು ಎದ್ದು ಹೋದಳು. ಕ್ಲಾಸೆಲ್ಲ ಮೂಗು ಮುಚ್ಚಿ ನಕ್ಕಿತು. ಶಾಹೀನ್ ಒಂದು ಸಲ ತಿರುಗಿ ನನ್ನ ಕಡೆ ನೋಡಿದಳು.

ತಕ್ಷಣ ಎದ್ದು ಹೋದೆ ಎಂದು ಬರೆಯಲು ನನಗೆ ಎಷ್ಟು ಆಸೆ ಗೊತ್ತೇ? ಆದರೆ ಇಷ್ಟು ಹೊತ್ತು ನಂಬಿ ಕೇಳಿದ್ದೀರಿ. ನಾನು ಏಳಲಿಲ್ಲ. "ನಿಮ್ಮನೆ ಪಾಲಿಶ್ ವಾಸನೇನಾ ಇದು ಪದ್ದು?" ಎಂದು ಸುಷ್ಮಾ ಕೇಳಿದಾಗ ಎಲ್ಲರೂ ನಕ್ಕರು. ಅವರ ಜೊತೆ ನಾನೂ ನಕ್ಕೆ. ಮೊದಲ ಪೀರಿಯಡ್ ಹಾಗೇ ಕೂತಿದ್ದೆ. ಎರಡನೆಯದರಲ್ಲಿ ಮೇಡಂ ಬೋರ್ಡಿನ ಮೇಲೆ ಏನು ಬರೆದರೋ ಒಂದಕ್ಷರ ಕಾಣಲಿಲ್ಲ, ಎದುರಿಗೆ ಅವಳ ಒಂಟಿ ಜಡೆಯೇ ಕಾಣುತ್ತಿತ್ತು. ಅವಳು ಮತ್ತೆ ತಿರುಗಲೇ ಇಲ್ಲ.

ಗಂಟೆ ಹೊಡೆಯಿತು. ನಾನು ಬ್ಯಾಗು ಎತ್ತಿಕೊಂಡೆ. "ಎಲ್ಲಿಗೇ?" ಎಂದಳು ಸುಷ್ಮಾ. ಉತ್ತರ ಕೊಟ್ಟರೆ ಕಾಲು ನಿಂತುಬಿಡುತ್ತದೆ ಎಂದು ಹೆದರಿ ಸುಮ್ಮನೆ ನಡೆದೆ.

ಅವಳ ಬೆಂಚಿನಲ್ಲಿ ಕೂರಲು ಜಾಗವಿರಲಿಲ್ಲ. ಪಕ್ಕದ ಜಾಗದ ತುಂಬ ಅವಳ ಬ್ಯಾಗು, ಟಿಫಿನ್ ಡಬ್ಬಿ, ನೀರಿನ ಬಾಟಲಿ ಹರಡಿದ್ದವು. ಬೇಡವೆಂದೇ ಇಟ್ಟಿದ್ದಾಳೆ, ತಕ್ಕ ಶಾಸ್ತಿಯಾಯಿತು ನಿನಗೆ, ಎಂದುಕೊಂಡು ತಲೆ ತಗ್ಗಿಸಿ ನಿಂತೆ.

ಶಾಹೀನ್ ಒಂದೊಂದಾಗಿ ಅವನ್ನೆಲ್ಲ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಎರಡು ಪೀರಿಯಡ್ಡಿಂದ ಜಾಗ ಹಿಡ್ಕೊಂಡಿದೀನಿ" ಎಂದಳು. "ಎಷ್ಟ್ ಹೊತ್ತಮ್ಮ ನೀನ್ ಬರೋದು!"